ಐರನ್ ಶಾಟ್ ಯಾಕೆ ಕೈಕೊಡುತ್ತೆ?

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಗಾಲ್ಫ್ ಕೋಚ್ ಅಲ್ಲ. ಎರಡು ವರ್ಷ ತಪ್ಪಾಗಿ ಪ್ರಾಕ್ಟೀಸ್ ಮಾಡಿ, ಮೊಣಕೈ ನೋಯಿಸಿಕೊಂಡು, ಕಿಟ್ ಮಾರಿಬಿಡೋಣ ಅನ್ನೋವರೆಗೆ ಹೋದವನ ಅನುಭವ ಅಂತ ಕೇಳಿ.

ಡ್ರೈವಿಂಗ್ ರೇಂಜ್‌ನಲ್ಲಿ ನನ್ನ 7-ಐರನ್ ಚೆನ್ನಾಗೇ ಹೋಗ್ತಿತ್ತು. ಕೋರ್ಸ್‌ಗೆ ಹೋದರೆ ಒಂದು ಶಾಟ್ ನೆಲ ಅಗೆದು ಇಪ್ಪತ್ತು ಗಜಕ್ಕೆ ಬೀಳೋದು, ಮುಂದಿನದು ಚೆಂಡಿನ ತಲೆ ಸವರಿ ಹುಲ್ಲಿನ ಮೇಲೆ ಓಡೋದು. ಎರಡೂ ಬೇರೆ ತಪ್ಪು ಅಂದುಕೊಂಡು ಬೇರೆ ಬೇರೆ ಔಷಧಿ ಮಾಡಿದೆ. ಯಾವುದೂ ಹತ್ತಲಿಲ್ಲ. ಒಂದು ದಿನ ಕ್ಯಾಡಿ, "ಸಾಬ್, ಬಾಲ್ ಛೋಡೋ, ಮಿಟ್ಟಿ ದೇಖೋ" ಅಂದ. ನೋಡಿದೆ. ನೆಲ ಕೆತ್ತಿದ ಗುರುತು ಚೆಂಡಿದ್ದ ಜಾಗಕ್ಕಿಂತ ನಾಲ್ಕು ಬೆರಳು ಹಿಂದೇನೇ ಶುರುವಾಗಿತ್ತು.

ಸ್ವಿಂಗ್ ಅನ್ನೋದು ಒಂದು ಕಮಾನು. ಐರನ್ ಹೊಡೆಯುವಾಗ ಆ ಕಮಾನಿನ ತಳ ಚೆಂಡಿಗಿಂತ ಮೂರು-ನಾಲ್ಕು ಇಂಚು ಮುಂದೆ, ಗುರಿಯ ಕಡೆಗೆ ಇರಬೇಕು. ಮೊದಲು ಚೆಂಡು, ಆಮೇಲೆ ನೆಲ. ತಳ ಚೆಂಡಿನ ಹಿಂದೆ ಬಂದರೆ ನೆಲ ಮೊದಲು ಸಿಗುತ್ತೆ. ನೆಲ ತಪ್ಪಿತು ಅನ್ನಿ, ಕ್ಲಬ್ ಮೇಲೇರ್ತಾ ಅದರ ಅಂಚು ಚೆಂಡಿನ ನಡುವಿಗೆ ಬಡಿಯುತ್ತೆ. ಒಂದೇ ಬಗ್, ಎರಡು ಎರರ್ ಮೆಸೇಜ್! (ಟೀ ಮೇಲಿಟ್ಟು ಹೊಡೆಯೋ ಡ್ರೈವರ್ ಲೆಕ್ಕ ಬೇರೆ.)

ರೇಂಜ್‌ನ ಮ್ಯಾಟ್ ಇದನ್ನ ಮುಚ್ಚಿಟ್ಟಿತ್ತು. ಅದರ ಮೇಲೆ ಕ್ಲಬ್ ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತೆ, ಶಾಟ್ ಪರವಾಗಿಲ್ಲ ಅನ್ನಿಸುತ್ತೆ. ಪೆಟ್ಟು ಮಾತ್ರ ಮೊಣಕೈಗೆ.

ಕಾರಣ, ಚೆಂಡನ್ನ ನಾನೇ ಮೇಲೆತ್ತಬೇಕು ಅನ್ನೋ ಆಸೆ. ಬಲಗೈ ಆಟಗಾರ ನಾನು. ತೂಕ ಬಲಗಾಲಲ್ಲೇ ಉಳೀತಿತ್ತು, ಮಣಿಕಟ್ಟು ಸೌಟಿನ ಥರ ಎತ್ತುತ್ತಿತ್ತು. ಎತ್ತೋ ಕೆಲಸಕ್ಕೇ ಕ್ಲಬ್ಬಿನ ಮುಖ ಓರೆಯಾಗಿರೋದು. ನಾವು ತೂಕವನ್ನ ಎಡಗಾಲಿಗೆ ತಂದು, ಕೈಗಳನ್ನ ಕ್ಲಬ್‌ಹೆಡ್‌ಗಿಂತ ಮುಂದಿಟ್ಟುಕೊಂಡರೆ ಸಾಕು.

ಅನುಮತಿ ಕೇಳಿ, ಕೋರ್ಸ್‌ನ ಪ್ರಾಕ್ಟೀಸ್ ಜಾಗದಲ್ಲಿ ರಂಗೋಲಿ ಪುಡಿಯಿಂದ ಒಂದು ಗೆರೆ ಎಳೆದೆ. ಚೆಂಡೇ ಇಲ್ಲ. ಗೆರೆ ಮೇಲೆ ಚೆಂಡಿದೆ ಅಂದುಕೊಂಡು ಅರ್ಧ ಸ್ವಿಂಗ್, ಗೆರೆಯುದ್ದಕ್ಕೂ ಸ್ವಲ್ಪ ಸ್ವಲ್ಪ ಸರಿದು ಹತ್ತು ಸಲ. ಕೆತ್ತಿದ ಗುರುತು ಗೆರೆಯಿಂದ ಮುಂದೆ ಶುರುವಾದರೆ ಪಾಸ್. ಮೊದಲ ದಿನ ಹತ್ತಕ್ಕೆ ಎರಡು. ಐದು ವಾರದ ಮೇಲೆ ಏಳು. ಮ್ಯಾಟ್ ಮಾತ್ರ ಇದ್ದರೆ, ಚೆಂಡಿನ ಹಿಂದೆ ಒಂದು ಗೇಣು ಬಿಟ್ಟು ಮಡಚಿದ ಟವೆಲ್ ಇಡಿ. ಟವೆಲ್‌ಗೆ ತಾಗಿದರೆ ಫೇಲ್.

ಜೋರು ಕಡಿಮೆ ಮಾಡೋಕೆ ನನಗೆ ಅಹಂಕಾರ ಅಡ್ಡ ಬಂತು, ಸುಳ್ಳು ಹೇಳಲ್ಲ. ಆಗ ನೆನಪಿಸಿಕೊಂಡಿದ್ದು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ದೂರ ಹೊಡೆಯೋದರಲ್ಲಿ ಹಿಂದಿದ್ದರೂ ಅವರು 4ನೇ ಸ್ಥಾನಕ್ಕೆ ಬಂದರು. ಪದಕ ತಪ್ಪಿದ್ದು ಒಂದೇ ಸ್ಟ್ರೋಕ್‌ನಲ್ಲಿ.

ಕಿಟ್ ಮಾರಲಿಲ್ಲ. ಟವೆಲ್ ಬ್ಯಾಗಲ್ಲೇ ಇದೆ. ಹೋದ ಭಾನುವಾರವೂ ಮೂರು ಸಲ ತಾಗಿತು.