ಗ್ರಾಮೀಣ ಅಂಗಡಿಗಳಲ್ಲಿ ಲೇಖನ ಸಾಮಗ್ರಿಗಳ ದಾಸ್ತಾನು: ಬೇಡಿಕೆಯನ್ನರಿತು ಖರೀದಿಸುವ ಬಗೆ

(ಅಂಗಡಿ ನಡೆಸುತ್ತಿರುವ ಸ್ವಸಹಾಯ ಗುಂಪುಗಳ ಸದಸ್ಯೆಯರಿಗಾಗಿ ಏರ್ಪಡಿಸಿದ್ದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಶಾಲೆಗಳು ಪುನರಾರಂಭಗೊಳ್ಳುವ ಮುನ್ನ ಈ ವಿಷಯವನ್ನು ತಮ್ಮ ಮುಂದಿಡುವುದು ಸೂಕ್ತವೆಂದು ಭಾವಿಸಿದ್ದೇನೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರಗಳು ಉಚಿತವಾಗಿ ದೊರೆಯುತ್ತವೆ. ಬರೆಯುವ ಪುಸ್ತಕ, ಪೆನ್ನು, ಪೆನ್ಸಿಲ್ಲುಗಳನ್ನು ಮಾತ್ರ ಬಹುಮಟ್ಟಿಗೆ ಪಾಲಕರೇ ಕೊಳ್ಳಬೇಕು. ಶಿಕ್ಷಕರು ಹೇಳಿದ ಪುಸ್ತಕ ಊರಿನ ಅಂಗಡಿಯಲ್ಲಿ ಸಿಗದಿದ್ದರೆ ತಾಯಿ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ಶಕ್ತಿ ಯೋಜನೆಯಿಂದ ಬಸ್ಸಿನ ದರ ಉಳಿದೀತು. ಆ ದಿನದ ಕೂಲಿ ಉಳಿಯುವುದಿಲ್ಲ. ಹೋಗಲಾಗದ ಮನೆಯ ಮಗು ಕಳೆದ ವರ್ಷದ ಪುಸ್ತಕದಲ್ಲಿ ಮಿಕ್ಕ ಹಾಳೆಗಳ ಮೇಲೆ ಬರೆಯುತ್ತದೆ. ಅದೇ ವೇಳೆಗೆ ನಮ್ಮ ಅಂಗಡಿಯ ಕಪಾಟಿನಲ್ಲಿ ಯಾರೂ ಕೇಳದ ಪುಸ್ತಕಗಳ ಕಟ್ಟುಗಳು ಧೂಳು ಹಿಡಿದು ಕುಳಿತಿರುತ್ತವೆ.

ಹೀಗಾಗಲು ಕಾರಣ ಬಂಡವಾಳದ ಕೊರತೆಯಲ್ಲ. ಸಗಟು ವ್ಯಾಪಾರಿ ತನ್ನಲ್ಲಿ ಉಳಿದ ಮಾಲನ್ನು ರಿಯಾಯಿತಿಯ ಹೆಸರಿನಲ್ಲಿ ನೀಡುತ್ತಾನೆ, ನಾವು ಒಪ್ಪಿ ತರುತ್ತೇವೆ. ಸಮುದಾಯ ಬಂಡವಾಳ ನಿಧಿಯಿಂದ ಸಾಲ ಪಡೆದು ತಂದ ಪುಸ್ತಕಗಳಲ್ಲಿ 6,000 ರೂಪಾಯಿಯಷ್ಟು ಮಾರಾಟವಾಗದೆ ಉಳಿಯಿತೆನ್ನೋಣ. ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿ ಎಂದಿಟ್ಟುಕೊಂಡರೂ ಹತ್ತು ತಿಂಗಳಿಗೆ 600 ರೂಪಾಯಿ. ಆ ಮಾಲಿನ ಮೇಲೆ ನೂರಕ್ಕೆ 15ರಂತೆ ಬರಬಹುದಾಗಿದ್ದ ಲಾಭವೇ 900 ರೂಪಾಯಿ. ಮೂರರಲ್ಲಿ ಎರಡು ಪಾಲು ಬಡ್ಡಿಗೇ ಹೋಯಿತು. ಸಗಟು ವ್ಯಾಪಾರಿಯ ರಿಯಾಯಿತಿಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು.

ಆದ್ದರಿಂದ ಖರೀದಿಗೆ ಹೊರಡುವ ಮೊದಲು ಶಾಲೆಗೆ ಹೋಗಿ ಬನ್ನಿ. ಮುಖ್ಯ ಶಿಕ್ಷಕರಲ್ಲಿ ಎರಡೇ ಸಂಗತಿಗಳನ್ನು ಕೇಳಿ ತಿಳಿಯಿರಿ: ಯಾವ ತರಗತಿಯಲ್ಲಿ ಎಷ್ಟು ಮಕ್ಕಳು, ಯಾವ ವಿಷಯಕ್ಕೆ ಯಾವ ಬಗೆಯ ಪುಸ್ತಕ. ಇಂಗ್ಲಿಷ್ ಅಕ್ಷರ ತಿದ್ದುವ ಮಗುವಿಗೆ ನಾಲ್ಕು ಗೆರೆಯದೇ ಬೇಕು, ಕನ್ನಡ ಕಾಪಿ ಬರಹಕ್ಕೆ ಎರಡು ಗೆರೆ, ಚಿಕ್ಕ ತರಗತಿಗಳ ಲೆಕ್ಕಕ್ಕೆ ಚೌಕಳಿ. ಪ್ರೌಢಶಾಲೆಗೆ ಬಂದರೆ ಲಾಂಗ್ ಬುಕ್. ಗಣಿತಕ್ಕೆ ಗೆರೆಯಿಲ್ಲದ್ದನ್ನು ಕೇಳುವ ಶಿಕ್ಷಕರಿದ್ದಾರೆ, ವಿಜ್ಞಾನಕ್ಕೆ ಒಂದು ಬದಿ ಗೆರೆ ಒಂದು ಬದಿ ಖಾಲಿ ಇರುವುದನ್ನು ಹೇಳುವವರಿದ್ದಾರೆ. ಒಂದು ಶಾಲೆಯ ರೂಢಿ ಪಕ್ಕದ ಊರಿನ ಶಾಲೆಗೆ ಹೊಂದುವುದಿಲ್ಲ. 100 ಪುಟದ್ದೋ 200 ಪುಟದ್ದೋ ಎಂಬುದನ್ನೂ ಅಲ್ಲಿಯೇ ಕೇಳಿಬಿಡುವುದು ಲೇಸು. ಒಂದು ಗೆರೆಯ ಪುಸ್ತಕವೊಂದೇ ಎಲ್ಲರಿಗೂ ಸಾಕೆಂದು ರಾಶಿ ಹಾಕಿದ ಅಂಗಡಿಗೆ ಜೂನ್ ಮೊದಲ ವಾರದಲ್ಲಿ ಬಂದ ಗಿರಾಕಿ ಎರಡನೆಯ ವಾರ ಬರುವುದಿಲ್ಲ.

ಕಾಗದವನ್ನು ರಟ್ಟಿನ ಮೇಲಿನ ಚಿತ್ರ ನೋಡಿ ಆರಿಸಬಾರದು. ಮಾದರಿ ಪುಸ್ತಕದ ಒಂದು ಹಾಳೆಯಲ್ಲಿ ಜೆಲ್ ಪೆನ್ನಿನಿಂದ ಎರಡು ಸಾಲು ಬರೆದು ಹಿಂಬದಿ ನೋಡಿರಿ. ಶಾಯಿ ಮೂಡಿದ್ದರೆ 200 ಪುಟದ ಪುಸ್ತಕ ಮಗುವಿಗೆ 100 ಪುಟದ್ದೇ ಆಗುತ್ತದೆ. ಸುವಾಸನೆಯ ರಬ್ಬರ್‌ಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅವು ಮಕ್ಕಳ ಕೈಯಿಂದ ಬೇಗ ಮಾರಾಟವಾಗುತ್ತವೆ, ನಿಜ. ಅವುಗಳಲ್ಲಿ ಹಲವು ಅಳಿಸುವುದಕ್ಕಿಂತ ಮಸಿ ಬಳಿಯುವುದೇ ಹೆಚ್ಚು. ಸ್ವಲ್ಪ ಇಡಿ, ಪಕ್ಕದಲ್ಲಿ ಸಾದಾ ಬಿಳಿ ರಬ್ಬರ್ ತಪ್ಪದೆ ಇರಲಿ.

ತೆರಿಗೆಯ ವಿಷಯದಲ್ಲಿ ಎಚ್ಚರ ಅಗತ್ಯ. 2025ರ ಸೆಪ್ಟೆಂಬರ್ 22ರಿಂದ ಶಾಲಾ ಬರವಣಿಗೆ ಪುಸ್ತಕ, ಪೆನ್ಸಿಲ್, ರಬ್ಬರ್, ಮೆಂಡರ್, ಕ್ರೆಯಾನ್‌ಗಳ ಮೇಲೆ ಜಿಎಸ್‌ಟಿ ಇಲ್ಲ. ಜಾಮಿಟ್ರಿ ಬಾಕ್ಸಿನ ಮೇಲೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಪೆನ್ನಿಗೆ ಮಾತ್ರ ಶೇ. 18 ಮುಂದುವರಿದಿದೆ. ಸಗಟು ಖರೀದಿಯ ಬಿಲ್ಲನ್ನು ಕೇಳಿ ಪಡೆದು ಈ ದರಗಳೊಂದಿಗೆ ತಾಳೆ ನೋಡಿರಿ. ಮುದ್ರಿತ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುವುದರಿಂದ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಪಡೆಯುವುದೂ ನಿಯಮಬಾಹಿರ.

ಶಾಲೆಯೊಂದೇ ಗಿರಾಕಿಯಲ್ಲ. ಅರ್ಜಿ ಬರೆಯಲು ಬಿಳಿ ಹಾಳೆ, ಲಕೋಟೆ, ಅಂಟು, ಟ್ಯಾಗು ಇವುಗಳಿಗೆ ಪಂಚಾಯತಿ ಕಚೇರಿ ಇರುವ ಊರಿನಲ್ಲಿ ವರ್ಷವಿಡೀ ಬೇಡಿಕೆಯುಂಟು. ದೀಪಾವಳಿಯ ಲಕ್ಷ್ಮೀಪೂಜೆಗೆ ವರ್ತಕರು ಹೊಸ ಲೆಕ್ಕದ ಪುಸ್ತಕ ಕೊಳ್ಳುತ್ತಾರೆ. ನಮ್ಮ ಗುಂಪುಗಳಿಗೇ ನಡವಳಿ ಪುಸ್ತಕ, ನಗದು ಪುಸ್ತಕ, ಲೆಡ್ಜರು ಬೇಕು. ಅವನ್ನು ನಾವು ಪಟ್ಟಣದಿಂದ ತರಿಸುತ್ತಿದ್ದೇವೆಂಬುದು ವಿಚಿತ್ರ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಯುತ್ತಿರುವುದರಿಂದ ಪರೀಕ್ಷಾ ಪ್ಯಾಡು, ನೀಲಿ ಪೆನ್ನುಗಳನ್ನು ಮಾರ್ಚ್ ಕಳೆದ ಕೂಡಲೇ ಅಟ್ಟಕ್ಕೆ ಹಾಕಬೇಡಿ.

ಇರಿಸುವ ಜಾಗದ ಬಗ್ಗೆ ಒಂದೆರಡು ಮಾತು. ಕಿರಾಣಿಯೊಂದಿಗೇ ಪುಸ್ತಕ ಮಾರುವ ಅಂಗಡಿಗಳೇ ನಮ್ಮಲ್ಲಿ ಹೆಚ್ಚು. ಉಪ್ಪಿನ ಚೀಲದ ಪಕ್ಕ ಪುಸ್ತಕದ ಕಟ್ಟು ಇಟ್ಟರೆ ಮಳೆಗಾಲದಲ್ಲಿ ತೇವ ಖಚಿತ. ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿಟ್ಟರೆ ಗೆದ್ದಲು ಹತ್ತುವುದೂ ಬೇಗ ಕಣ್ಣಿಗೆ ಬೀಳುತ್ತದೆ. ಪೆನ್ನುಗಳ ಶಾಯಿ ಒಣಗುತ್ತದೆ, ಅಂಟು ಗಟ್ಟಿಯಾಗುತ್ತದೆ. ಆದ್ದರಿಂದ ಹಳೆಯ ಮಾಲು ಮುಂದಿರಲಿ, ಹೊಸತು ಹಿಂದಿರಲಿ.

ಕೊನೆಯದಾಗಿ, ಗಲ್ಲಾಪೆಟ್ಟಿಗೆಯ ಬಳಿ ಒಂದು ಸಣ್ಣ ಪುಸ್ತಕ ಇರಿಸಿಕೊಳ್ಳಲು ಕೋರುತ್ತೇನೆ. ಮಾರಾಟವಾದದ್ದನ್ನು ಎಲ್ಲರೂ ಬರೆಯುತ್ತಾರೆ. ಗಿರಾಕಿ ಕೇಳಿ, ನಮ್ಮಲ್ಲಿ ಇಲ್ಲದೆ, ಹಿಂದಿರುಗಿದ ವಸ್ತುವನ್ನು ಅದರಲ್ಲಿ ದಿನಾಂಕದೊಂದಿಗೆ ಬರೆಯಿರಿ. ಓದು ಬರಹ ಬಾರದ ಸದಸ್ಯೆ ಅಂಗಡಿಯಲ್ಲಿ ಕುಳಿತಿದ್ದರೆ ಕೇಳಿದ ಮಗುವಿನ ಕೈಯಲ್ಲೇ ಬರೆಸಬಹುದು. ಮುಂದಿನ ಖರೀದಿಗೆ ಹೋಗುವಾಗ ಸಗಟು ವ್ಯಾಪಾರಿಯ ಪಟ್ಟಿಗೆ ಬದಲಾಗಿ ಈ ಪುಸ್ತಕ ಕೈಯಲ್ಲಿರಲಿ. ಹಲವು ಅಂಗಡಿಗಳ ಬೇಡಿಕೆಯನ್ನು ಒಕ್ಕೂಟ ಒಗ್ಗೂಡಿಸಿ ಒಮ್ಮೆಗೇ ಖರೀದಿಸಿದರೆ ಸಾಗಾಣಿಕೆಯ ಖರ್ಚು ಹಂಚಿಹೋಗುತ್ತದೆ, ಬೆಲೆಯ ಮಾತಿಗೂ ಬಲ ಬರುತ್ತದೆ. ಇದಕ್ಕಾಗಿ ಪ್ರತಿ ಅಂಗಡಿಯವರು ತಮ್ಮ ಊರಿನ ಶಾಲೆಯಿಂದ ತಂದ ತರಗತಿವಾರು ವಿವರವನ್ನು ಮೇ ತಿಂಗಳ ಮಧ್ಯಭಾಗದೊಳಗೆ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರಿಗೆ ಒಪ್ಪಿಸತಕ್ಕದ್ದು.