ಬಿಲ್ಲು ಬೇಕೆ, ಬೇಡವೆ?

(ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಸ್ಥರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಇಂದು ನಾವು ಮಾತನಾಡಬೇಕೆಂದಿರುವುದು ಮಿಕ್ಸರು, ಫ್ಯಾನು, ಟೀವಿ, ಫ್ರಿಜ್ಜುಗಳ ವಿಷಯ. ಇದೇನು, ಕೆಂಪು ಬಾವುಟದ ಕೆಳಗೆ ನಿಂತು ಮಿಕ್ಸರಿನ ಮಾತೇ ಎಂದು ಕೆಲವರು ನಕ್ಕಾರು. ನಗಲಿ. ದುಡಿಯುವವನ ಎರಡು ತಿಂಗಳ ಸಂಬಳ ಅರ್ಧ ಗಂಟೆಯಲ್ಲಿ ಕೈದಾಟಿ ಹೋಗುವುದು ಯಾವ ಗಲ್ಲಾಪೆಟ್ಟಿಗೆಯ ಮುಂದೆಯೋ, ಆ ಜಾಗವನ್ನು ಬಿಟ್ಟು ನಾವು ಇನ್ನಾವ ಅರ್ಥಶಾಸ್ತ್ರವನ್ನು ಮಾತನಾಡಬೇಕು? ಸಂಬಳ ಹೆಚ್ಚಿಸಿರೆಂದು ಗಿರಣಿಯ ಬಾಗಿಲಲ್ಲಿ ಹೋರಾಡಿ ಗಳಿಸಿದ್ದನ್ನು ಅಂಗಡಿಯ ಬಾಗಿಲಲ್ಲಿ ಕಳೆದುಕೊಂಡರೆ ಹೋರಾಟದ ಫಲವೇನು?

ನಮ್ಮ ದಾವಣಗೆರೆಯಂಥ ಊರಿನಲ್ಲಿ ಇಂಥ ಸಾಮಾನು ಕೊಳ್ಳಲು ಹೋದ ಪ್ರತಿಯೊಬ್ಬರೂ ಒಂದು ಪ್ರಶ್ನೆಯನ್ನು ಕೇಳಿಯೇ ಇರುತ್ತೀರಿ. ದರದ ಮಾತೆಲ್ಲ ಮುಗಿದ ಮೇಲೆ ಅಂಗಡಿಯವರು ದನಿ ತಗ್ಗಿಸಿ, “ಯಜಮಾನ್ರೆ, ಬಿಲ್ ಬೇಕಾ? ಬ್ಯಾಡ ಅಂದ್ರೆ ಇನ್ನೂ ಸ್ವಲ್ಪ ಕಡಿಮೆ ಮಾಡ್ಕೊಡ್ತೀನಿ” ಎನ್ನುತ್ತಾರೆ. ನಮ್ಮವರು, “ಬಿಲ್ ತಗೊಂಡು ಏನ್ ಮಾಡ್ಲಿ ಬಿಡ್ರಿ, ರೇಟು ಕಡಿಮೆ ಮಾಡ್ರಿ” ಎಂದು ಸಾಮಾನನ್ನು ಹೆಗಲಿಗೇರಿಸುತ್ತಾರೆ. ಇಬ್ಬರಿಗೂ ಸಂತೋಷ. ಈ ಸಂತೋಷ ಎಷ್ಟು ದಿನದ್ದು ಎಂಬುದನ್ನು ವಿಚಾರ ಮಾಡೋಣ.

ಮೊದಲು ಲೆಕ್ಕ. 20,000 ರೂಪಾಯಿ ಮೂಲ ಬೆಲೆಯ ಟೀವಿಗೆ ನೂರಕ್ಕೆ 18ರಂತೆ ತೆರಿಗೆ 3,600. ಒಟ್ಟು 23,600. ಬಿಲ್ಲಿಲ್ಲದೆ 22,000ಕ್ಕೆ ಸಿಕ್ಕಿತೆಂದುಕೊಳ್ಳಿ. ನಮಗೆ ಉಳಿದದ್ದು 1,600. ಆರು ತಿಂಗಳ ಮೇಲೆ ಟೀವಿಯ ಪರದೆ ಕೆಟ್ಟಿತು. ಕಂಪನಿಯ ಸರ್ವಿಸ್ ಸೆಂಟರಿನವರು ಕೇಳುವ ಮೊದಲ ಮಾತು, “ಬಿಲ್ ಎಲ್ಲಿ?” ಅಂಗಡಿಯವರನ್ನು ಕೇಳಿದರೆ, “ವಾರಂಟಿ ಕಂಪನಿಯದು, ನಮ್ಮದಲ್ಲ” ಎನ್ನುತ್ತಾರೆ. ಪರದೆಯನ್ನು ಬದಲಾಯಿಸುವ ಖರ್ಚು ಎಷ್ಟೋ ವೇಳೆ ಟೀವಿಯ ಅರ್ಧ ಬೆಲೆಯನ್ನೂ ಮೀರುತ್ತದೆ. 1,600 ಉಳಿಸಿದವರು 12,000 ಕಳೆದುಕೊಂಡಂತಾಯಿತು. ತೆರಿಗೆಯ ಮಿಕ್ಕ 2,000 ನಮಗೂ ಬರಲಿಲ್ಲ, ಆಸ್ಪತ್ರೆ ಶಾಲೆಗಳನ್ನು ನಡೆಸುವ ಬೊಕ್ಕಸಕ್ಕೂ ಹೋಗಲಿಲ್ಲ.

ನಮಗೆ ಗೊತ್ತಿರುವ ಮಂಡಕ್ಕಿ ಭಟ್ಟಿಯ ಕೆಲಸಗಾರರೊಬ್ಬರ ಮನೆಯಲ್ಲಿ ಹೀಗೆಯೇ ಕೊಂಡ ಮಿಕ್ಸರು ನಾಲ್ಕೇ ತಿಂಗಳಿಗೆ ಸುಟ್ಟುಹೋಯಿತು. ಆ ತಾಯಿ ಅಂಗಡಿಗೂ ಸರ್ವಿಸ್ ಸೆಂಟರಿಗೂ ಮೂರು ಸಲ ಅಲೆದರು. ಮೂರು ದಿನದ ಕೂಲಿ ಹೋಯಿತು. ಕೊನೆಗೆ ಬೀದಿಯ ರಿಪೇರಿಯವರ ಹತ್ತಿರ ತಮ್ಮ ಹಣದಿಂದಲೇ ಮೋಟಾರಿಗೆ ತಂತಿ ಸುತ್ತಿಸಿಕೊಂಡರು. ವಾರಂಟಿ ಕಾರ್ಡು ಮನೆಯಲ್ಲೇ ಇತ್ತು. ಆದರೆ ಅದರ ಮೇಲೆ ಅಂಗಡಿಯ ಮೊಹರೂ ಇರಲಿಲ್ಲ, ತಾರೀಖೂ ಇರಲಿಲ್ಲ.

ಈಗ ಕಾನೂನಿನ ಮಾತು. ಗ್ರಾಹಕರ ರಕ್ಷಣೆಗೆ ಈ ದೇಶದಲ್ಲಿ 1986ರಲ್ಲಿ ಕಾಯಿದೆಯಾಯಿತು. ಅದರ ಬದಲಿಗೆ 2019ರಲ್ಲಿ ಹೊಸ ಕಾಯಿದೆ ಬಂದು, 2020ರ ಜುಲೈ 20ರಿಂದ ಜಾರಿಯಾಗಿದೆ. ಇದರಲ್ಲಿ ನಾವು ಕಂಠಪಾಠ ಮಾಡಬೇಕಾದ ಎರಡು ಮಾತುಗಳಿವೆ. ಒಂದು: ಮಾರಿದ ಸರಕಿಗೆ ಬಿಲ್ಲನ್ನಾಗಲಿ ರಸೀದಿಯನ್ನಾಗಲಿ ಕೊಡದಿರುವುದೇ ಅನ್ಯಾಯದ ವ್ಯಾಪಾರ ಪದ್ಧತಿ. ಎರಡು: ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳಿರದಿದ್ದರೆ 30 ದಿನದೊಳಗೆ, ವಾಪಸು ತೆಗೆದುಕೊಳ್ಳಲು ಒಪ್ಪದಿರುವುದೂ ಅನ್ಯಾಯವೇ. “ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ” ಎಂದು ಗೋಡೆಯ ಮೇಲೆ ಬರೆಸಿದ ಮಾತ್ರಕ್ಕೆ ಕೆಟ್ಟ ಸರಕಿನ ಹೊಣೆ ತಪ್ಪುವುದಿಲ್ಲ. ಆದರೆ ಒಂದನ್ನು ಗಮನಿಸಬೇಕು. ಬಣ್ಣ ಹಿಡಿಸಲಿಲ್ಲ, ಪಕ್ಕದ ಬೀದಿಯಲ್ಲಿ ಅಗ್ಗವಾಗಿ ಸಿಕ್ಕಿತು ಎಂದು ಹಿಂತಿರುಗಿಸುವ ಹಕ್ಕು ಇದಲ್ಲ. ಇದು ದೋಷವಿರುವ ಸರಕಿನ ಮಾತು.

ಬಿಲ್ಲು ಬೇಡವೆನ್ನುವವರ ಕಥೆ ಹೀಗಾದರೆ, ಬಿಲ್ಲು ಪಡೆದೂ ಮೋಸಹೋಗುವವರ ಕಥೆ ಇನ್ನೊಂದು. ಇದು ಕಂತಿನ ಕಥೆ. “ಬಡ್ಡಿಯೇ ಇಲ್ಲ, ತಿಂಗಳಿಗೆ 2,000, ಹನ್ನೆರಡು ಕಂತು” ಎಂಬ ಫಲಕ ಎಲ್ಲ ಕಡೆ ತೂಗುತ್ತಿದೆ. 24,000 ರೂಪಾಯಿಯ ಫ್ರಿಜ್ಜು. ನಗದು ಕೊಡುವವರಿಗೆ ಅದೇ ಫ್ರಿಜ್ಜು 22,800ಕ್ಕೆ ಸಿಗುತ್ತದೆ. ಕಂತಿನವರಿಗೆ ರಿಯಾಯಿತಿ ಇಲ್ಲ, ಜೊತೆಗೆ 500 ರೂಪಾಯಿ ಪ್ರೊಸೆಸಿಂಗ್ ಶುಲ್ಕ. ಇದು ಲೆಕ್ಕಕ್ಕಾಗಿ ಹೇಳಿದ ಉದಾಹರಣೆ. ಹೆಚ್ಚಿಗೆ ಹೋದದ್ದು 1,700 ರೂಪಾಯಿ. ಸಾಲ ತಿಂಗಳು ತಿಂಗಳಿಗೆ ಕರಗುತ್ತ ಹೋಗುವುದರಿಂದ, ಇದು ವರ್ಷಕ್ಕೆ ಹೆಚ್ಚುಕಡಿಮೆ ನೂರಕ್ಕೆ 14ರ ಬಡ್ಡಿಯಾಯಿತು. ಇಲ್ಲದ ಬಡ್ಡಿ ಎಲ್ಲಿಂದ ಬಂತು? ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ ಈ ಗುಟ್ಟನ್ನು ಬಯಲು ಮಾಡಿತು. ಕ್ರೆಡಿಟ್ ಕಾರ್ಡಿನ ಶೂನ್ಯಬಡ್ಡಿ ಕಂತುಗಳಲ್ಲಿ ಬಡ್ಡಿಯನ್ನು ಶುಲ್ಕದ ವೇಷದಲ್ಲಿ ಅಡಗಿಸಿಡುತ್ತಾರೆ, ಶೂನ್ಯಬಡ್ಡಿ ಎಂಬುದೇ ಇಲ್ಲದ ವಸ್ತು ಎಂದು ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತು.

ಕಂತು ಪಾಪವೆಂದು ನಾವು ಹೇಳುವುದಿಲ್ಲ. ಒಮ್ಮೆಗೇ ಹಣ ಎಣಿಸಲಾರದವರು ಕಂತಿಗೇ ಹೋಗಬೇಕು. ಆದರೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ನಗದಿಗೆ ಕೊನೆಯ ದರವೆಷ್ಟು? ಎಲ್ಲ ಶುಲ್ಕವೂ ಸೇರಿ ಒಟ್ಟು ಕಟ್ಟುವುದೆಷ್ಟು? ಒಂದು ಕಂತು ತಪ್ಪಿದರೆ ದಂಡವೆಷ್ಟು? 2024ರ ಅಕ್ಟೋಬರ್ 1ರಿಂದ ಇಂಥ ಅವಧಿ ಸಾಲಗಳಿಗೆಲ್ಲ ಮುಖ್ಯಾಂಶಗಳ ಪತ್ರವೊಂದನ್ನು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ, ಸಾಲ ಕೊಡುವವರೇ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ನಮಗೆ ಅರ್ಥವಾಗುವ ಭಾಷೆ ಕನ್ನಡ. ಫೋನಿನ ಪರದೆಯ ಮೇಲೆ ಓಟಿಪಿ ಒತ್ತಿಸಿಕೊಂಡು ಕಳಿಸುವ ಹುಡುಗನನ್ನು, “ಆ ಪತ್ರ ಕನ್ನಡದಲ್ಲಿ ಕೊಡಪ್ಪ, ಓದಿ ಒತ್ತುತ್ತೇನೆ” ಎಂದು ಕೇಳಲು ನಾಚಿಕೆ ಬೇಡ. ಸಾಲದ ಜೊತೆಯಲ್ಲೇ ವಿಮೆಯನ್ನೋ ಹೆಚ್ಚುವರಿ ವಾರಂಟಿಯನ್ನೋ ಸದ್ದಿಲ್ಲದೆ ಸೇರಿಸಿದ್ದರೆ ಅದು ಅಲ್ಲೇ ಕಾಣುತ್ತದೆ. ಬೇಡವೆನ್ನುವ ಅಧಿಕಾರ ನಮ್ಮದು.

ವಾರಂಟಿಯ ಮಾತು ಬಂತು. “ಹತ್ತು ವರ್ಷ ವಾರಂಟಿ” ಎಂದು ಫ್ರಿಜ್ಜಿನ ಮೇಲೆ ದಪ್ಪಕ್ಷರದಲ್ಲಿರುತ್ತದೆ. ಸಾಮಾನ್ಯವಾಗಿ ಆ ಹತ್ತು ವರ್ಷ ಕಂಪ್ರೆಸರಿಗೆ ಮಾತ್ರ. ಮಿಕ್ಕ ಭಾಗಗಳಿಗೆ ಒಂದು ವರ್ಷ. ಗ್ಯಾಸು ತುಂಬುವ ಖರ್ಚು, ಬಂದುಹೋಗುವವರ ಚಾರ್ಜು ಎಷ್ಟೋ ವೇಳೆ ಅದಕ್ಕೆ ಸೇರುವುದಿಲ್ಲ. ಆದುದರಿಂದ ಯಾವ ಭಾಗಕ್ಕೆ ಎಷ್ಟು ವರ್ಷವೆಂದು ಕೇಳಿ, ಅಂಗಡಿಯವರ ಬಾಯಿಮಾತನ್ನು ಬಿಲ್ಲಿನ ಹಿಂದೆಯೇ ಬರೆಸಿಕೊಳ್ಳಿ.

ಇನ್ನು ಕೊಂಡ ಮೇಲೂ ತಿಂಗಳು ತಿಂಗಳು ಕೊಡುತ್ತಲೇ ಇರುವ ಬೆಲೆಯೊಂದಿದೆ. ಅದು ಕರೆಂಟಿನದು. ಹಳೆಯ ತರಹದ 75 ವಾಟಿನ ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್ಟು ಸುಡುತ್ತದೆ. ಈಗ ಬಂದಿರುವ ಬಿಎಲ್‌ಡಿಸಿ ಫ್ಯಾನು ಸುಮಾರು 30 ವಾಟಿನದು. ಅದಕ್ಕೆ ತಿಂಗಳಿಗೆ 11 ಯೂನಿಟ್ಟು ಸಾಕು. ಮೂರು ಫ್ಯಾನಿನ ಮನೆಯಲ್ಲಿ ತಿಂಗಳಿಗೆ 48 ಯೂನಿಟ್ಟು ಉಳಿಯಿತು. 2023ರ ಜುಲೈಯಲ್ಲಿ ಆರಂಭವಾದ ಗೃಹಜ್ಯೋತಿಯ ನಿಯಮ ತಮಗೆ ಗೊತ್ತಿದೆ. ತಿಂಗಳ ಬಳಕೆ 200 ಯೂನಿಟ್ಟು ದಾಟಿದರೆ, ದಾಟಿದಷ್ಟಕ್ಕೆ ಮಾತ್ರವಲ್ಲ, ಇಡೀ ಬಿಲ್ಲಿಗೇ ಹಣ ಕಟ್ಟಬೇಕು. ಗಡಿಯ ಹತ್ತಿರವಿರುವ ಮನೆಗೆ ಅಗ್ಗದ ಹಳೆಯ ಮಾದರಿಯ ಫ್ರಿಜ್ಜೊಂದು ಬಂದರೆ, ಅಂಗಡಿಯಲ್ಲಿ ಉಳಿಸಿದ ಸಾವಿರ ರೂಪಾಯಿ ಮೂರೇ ತಿಂಗಳಲ್ಲಿ ಮೀಟರಿನ ಬಾಯಿಗೆ ಹೋದೀತು. ಸ್ಟಾರ್ ಚೀಟಿಯಲ್ಲಿ ನಕ್ಷತ್ರಗಳನ್ನು ಎಣಿಸಿ ಸುಮ್ಮನಾಗಬೇಡಿ. ಅದರಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ಟು ಎಂದು ಅಚ್ಚಾಗಿರುತ್ತದೆ, ಆ ಚೀಟಿ ಯಾವ ಅವಧಿಯದೆಂದೂ ಇರುತ್ತದೆ. ಅಳತೆಯನ್ನು ಕಾಲಕಾಲಕ್ಕೆ ಬಿಗಿ ಮಾಡುವುದರಿಂದ ಹಳೆಯ ಐದು ನಕ್ಷತ್ರ ಇಂದಿನ ಐದು ನಕ್ಷತ್ರಕ್ಕೆ ಸಮನಲ್ಲ.

ಬಂಧುಗಳೆ, ಇಷ್ಟು ಹೊತ್ತು ಕೊಳ್ಳುವವರ ಪರವಾಗಿ ಮಾತನಾಡಿದೆವು. ಈ ಸಭೆಯಲ್ಲಿ ಅಂಗಡಿಕಾರರೂ ಕುಳಿತಿದ್ದಾರೆ. “ನಮ್ಮನ್ನು ಕಳ್ಳರೆನ್ನುತ್ತೀರಾ?” ಎಂದು ಅವರು ಕೇಳಬಹುದು. ಖಂಡಿತ ಇಲ್ಲ. ಭಾನುವಾರವೂ ಬಾಗಿಲು ತೆರೆದು ಮಿಕ್ಸರಿಗೆ ಕಾರ್ಬನ್ ಹಾಕಿಕೊಡುವವರು, ಬಟವಾಡೆಯ ದಿನದ ತನಕ ಉದ್ರಿ ಕೊಡುವವರು, ಯುಗಾದಿಗೆ ಕೊಟ್ಟ ಟೀವಿ ದೀಪಾವಳಿಗೆ ಕೆಟ್ಟರೆ ತಾವೇ ಕಂಪನಿಗೆ ಫೋನು ಹಚ್ಚುವವರು ಈ ಸಣ್ಣ ಅಂಗಡಿಕಾರರೇ. ಅವರ ಕಷ್ಟ ನಮಗೆ ತಿಳಿದಿದೆ. ತಾವು ಡೀಲರಿಂದ ತರುವ ದರಕ್ಕಿಂತಲೂ ಕಡಿಮೆಗೆ ಆನ್‌ಲೈನಿನಲ್ಲಿ ಅದೇ ಸರಕು ಬಿಕರಿಯಾಗುವುದನ್ನು ಅವರು ನೋಡುತ್ತ ಕೂರಬೇಕು. ಮೊಬೈಲ್ ಫೋನಿನ ವ್ಯಾಪಾರದಲ್ಲಿ ಇಂಥ ದೂರುಗಳ ಮೇಲೆ 2020ರ ಜನವರಿಯಲ್ಲಿ ಸ್ಪರ್ಧಾ ಆಯೋಗ ಎರಡು ದೊಡ್ಡ ಆನ್‌ಲೈನ್ ಕಂಪನಿಗಳ ವಿರುದ್ಧ ತನಿಖೆಗೆ ಆಜ್ಞೆ ಮಾಡಿತು. ಆ ತನಿಖೆಯನ್ನು ರದ್ದು ಮಾಡಬೇಕೆಂಬ ಕಂಪನಿಗಳ ಅರ್ಜಿಯನ್ನು 2021ರ ಜೂನಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ತಳ್ಳಿಹಾಕಿತು.

ಕಾಗದವೆಂದರೆ ಸಣ್ಣ ವ್ಯಾಪಾರಿಗೆ ಇರುವ ಅಂಜಿಕೆಯೂ ಗೊತ್ತು. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ತೆರಿಗೆ ಇಲಾಖೆ ನೋಟೀಸು ಕಳಿಸಿದಾಗ ಎಷ್ಟೋ ಅಂಗಡಿಗಳು ಸ್ಕ್ಯಾನರನ್ನೇ ಕಿತ್ತು ಒಳಗಿಟ್ಟವು. ಆದರೂ ಕೇಳಿ: ಬಿಲ್ಲಿಲ್ಲದ ವ್ಯಾಪಾರ ಸಣ್ಣವರನ್ನು ಉಳಿಸುವುದಿಲ್ಲ. ದೊಡ್ಡ ಶೋರೂಮಿನವರಿಗಿಂತ ಅಗ್ಗವಾಗಿ ಮಾರುವುದು ನಿಮ್ಮಿಂದ ಆಗದು. ನಿಮ್ಮ ಹತ್ತಿರ ಇರುವ, ಅವರ ಹತ್ತಿರ ಇಲ್ಲದ ಬಂಡವಾಳ ಒಂದೇ. “ಕೆಟ್ಟರೆ ನನ್ನ ಹತ್ತಿರ ಬಾ” ಎಂಬ ಮಾತು. ಆ ಮಾತಿಗೆ ಸಾಕ್ಷಿ ಬಿಲ್ಲು. ನಲವತ್ತು ಲಕ್ಷದೊಳಗಿನ ವಹಿವಾಟಿನವರು, ಜಿಎಸ್‌ಟಿ ನೋಂದಣಿ ಇಲ್ಲದವರು, ತೆರಿಗೆ ಸೇರಿಸದ ಸಾದಾ ರಸೀದಿಯನ್ನೇ ಕೊಡಬಹುದು. ಸರಕಿನ ಹೆಸರು, ಮಾದರಿ, ನಂಬರು, ತಾರೀಖು, ಹಣ, ಮೊಹರು ಇದ್ದರೆ ಸಾಕು.

ಹಾಗಾದರೆ ಮಾಡಬೇಕಾದುದೇನು?

ಮೊದಲನೆಯದು, ಬಿಲ್ಲಿಲ್ಲದೆ ಬೆಂಕಿಪೆಟ್ಟಿಗೆ ಕೊಳ್ಳಿ, ಮಿಕ್ಸರು ಕೊಳ್ಳಬೇಡಿ. ಬಿಲ್ಲನ್ನೂ ಮೊಹರಾದ ವಾರಂಟಿ ಕಾರ್ಡನ್ನೂ ರೇಶನ್ ಕಾರ್ಡು ಇಡುವ ಜಾಗದಲ್ಲೇ ಇಡಿ. ಬಿಲ್ಲಿನ ಶಾಯಿ ಕೆಲವು ತಿಂಗಳಲ್ಲೇ ಮಾಸುತ್ತದೆ; ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

ಎರಡನೆಯದು, ಸರಕು ಕೆಟ್ಟರೆ ಜಗಳ ಬೇಡ, ಕಾಗದ ಬರೆಯಿರಿ. ಮೊದಲು ಅಂಗಡಿಗೂ ಕಂಪನಿಗೂ ಬರವಣಿಗೆಯಲ್ಲಿ ದೂರು. ಉತ್ತರ ಬರದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಆನ್‌ಲೈನಿನಲ್ಲಿ ದೂರದ ಕಂಪನಿಯಿಂದ ಕೊಂಡಿದ್ದರೂ, ನಾವು ವಾಸವಿರುವ ಜಿಲ್ಲೆಯಲ್ಲೇ ದಾವೆ ಹಾಕಬಹುದು. ಗಡುವು ಎರಡು ವರ್ಷ. ಕಾಯಿದೆಯಲ್ಲಿ ಮೂರರಿಂದ ಐದು ತಿಂಗಳಲ್ಲಿ ತೀರ್ಮಾನ ಎಂದಿದ್ದರೂ ನಡೆಯಲ್ಲಿ ತಡವಾಗುತ್ತದೆ. ಆದುದರಿಂದಲೇ ಒಬ್ಬೊಬ್ಬರೇ ಹೋಗಬಾರದು. ಒಂದೇ ಬಗೆಯ ಅನ್ಯಾಯವಾದವರು ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಕೊಡಲು ಕಾಯಿದೆಯಲ್ಲೇ ದಾರಿಯಿದೆ.

ಮೂರನೆಯದು, ಒಟ್ಟಾಗಿ ಕೊಳ್ಳುವುದು. ಸಹಕಾರ ಎಂಬುದು ನಮಗೆ ಪರದೇಶದ ಸರಕಲ್ಲ. 1905ರಲ್ಲೇ ಗದಗಿನ ಹತ್ತಿರದ ಕಣಗಿನಹಾಳದ ರೈತರು ಸಹಕಾರ ಸಂಘ ಕಟ್ಟಿ ತೋರಿಸಿದರು. ನಮ್ಮ ಓಣಿಯ ಹತ್ತು ಮನೆಗೆ ಫ್ಯಾನು ಬೇಕೆನ್ನಿ. ಒಬ್ಬೊಬ್ಬರು ಹೋಗಿ ಹತ್ತು ಕಡೆ ಚೌಕಾಸಿ ಮಾಡುವ ಬದಲು, ಹತ್ತು ಮನೆಯವರೂ ಸೇರಿ ನಮ್ಮ ಊರಿನ ಒಬ್ಬ ಸಣ್ಣ ಅಂಗಡಿಕಾರರ ಹತ್ತಿರ ಹೋಗೋಣ. ಮೂವತ್ತು ಫ್ಯಾನು, ನಗದು, ಪೂರ್ತಿ ಬಿಲ್ಲು, ಒಂದು ವರ್ಷ ಕೆಟ್ಟರೆ ನೀವೇ ಜವಾಬ್ದಾರರು ಎಂದು ಕೇಳೋಣ. ಅವರಿಗೆ ಡೀಲರ ಬಳಿ ಹೆಚ್ಚಿನ ಕಮಿಷನ್ನು ಕೇಳುವ ಬಲ ಬಂತು, ನಮಗೆ ದರ ಇಳಿಯಿತು, ಊರಿನ ಹಣ ಊರಿನಲ್ಲೇ ಉಳಿಯಿತು.

ಗಿರಾಕಿಯೂ ಸಣ್ಣ ವ್ಯಾಪಾರಿಯೂ ಗಲ್ಲಾಪೆಟ್ಟಿಗೆಯ ಎರಡು ಬದಿಗೆ ನಿಂತ ಶತ್ರುಗಳೆಂದು ತಿಳಿಯುವುದು ತಪ್ಪು. ಅವರ ಮಧ್ಯೆ ಲಿಖಿತ ಕರಾರು ಇಲ್ಲದಿರುವಾಗ ಸುಖಪಡುವವರು, ಇಬ್ಬರಿಗೂ ಮುಖ ತೋರಿಸದೆ ದೂರದಲ್ಲಿರುವವರು. ಸರಕು ಮಾಡಿದವರು, ಮಾರಿದವರು, ಸಾಲ ಕೊಟ್ಟವರು ಎಲ್ಲರೂ ತಮ್ಮ ತಮ್ಮ ಹೊಣೆಯನ್ನು ಹೊರುವಂತೆ ಮಾಡುವುದು ಈ ಅಂಗೈಯಗಲದ ಚೀಟಿ. ನಾಳೆಯಿಂದ ಕೊಳ್ಳುವವರು ಅದನ್ನು ಕೇಳಿ ಪಡೆಯಲಿ, ಮಾರುವವರು ಕೇಳುವ ಮೊದಲೇ ಕೊಡಲಿ.