ಮನೆಯ ಜೀರ್ಣೋದ್ಧಾರವೂ ವಿಮೆಯೂ

ನಮ್ಮ ನಾಡಿನ ದೇವಾಲಯಗಳ ಶಿಲಾಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸದಲ್ಲ. ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವ ವೆಚ್ಚಕ್ಕೆಂದು ದಾನಿಗಳು ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಇಂದು ಗಟ್ಟಿಯಾಗಿರುವುದು ಮುಂದೊಮ್ಮೆ ಬಿರಿಯುವುದೆಂದು ತಿಳಿದು, ಅದಕ್ಕೆ ಮೊದಲೇ ದಾರಿ ಮಾಡಿಡುವ ವಿವೇಕ ಅದು. ನಾವು ವಾಸಿಸುವ ಮನೆಗಳಿಗೂ ಅಂಥದೊಂದು ವಿವೇಕ ಬೇಕು.

ಹಳೆಯ ಹೆಂಚು ಇಳಿಸಿ ತಾರಸಿ ಹಾಕಬೇಕು, ಮಗನ ಮದುವೆಗೆ ಮುಂಚೆ ಮಹಡಿ ಏಳಬೇಕು, ನಡುಮನೆಯ ಗೋಡೆ ತೆಗೆದು ವಿಶಾಲ ಮಾಡಬೇಕು ಎಂದು ನೀವು ಯೋಚಿಸುತ್ತಿರಬಹುದು. ಪಂಚಾಂಗ ನೋಡುತ್ತೀರಿ, ಮೇಸ್ತ್ರಿಯನ್ನು ಕರೆಸುತ್ತೀರಿ, ಬ್ಯಾಂಕಿಗೆ ಹೋಗಿ ಬರುತ್ತೀರಿ. ಬೀರುವಿನಲ್ಲಿರುವ ವಿಮೆಯ ಪತ್ರವನ್ನು ಮಾತ್ರ ಯಾರೂ ಹೊರಗೆ ತೆಗೆಯುವುದಿಲ್ಲ. ಗೋಡೆಗೆ ಮೊದಲ ಪೆಟ್ಟು ಬೀಳುವ ಮುನ್ನ ಅದನ್ನು ಓದಬೇಕೆಂಬುದೇ ನಾನು ಹೇಳಬೇಕೆಂದಿರುವ ಮಾತು. ಮನೆಗಾಗಿ ಸಾಲ ಮಾಡಿದ್ದರೆ ಪತ್ರ ಬ್ಯಾಂಕಿನಲ್ಲಿರಬಹುದು. ಪ್ರತಿಯೊಂದನ್ನು ಕೇಳಿ ಪಡೆಯಿರಿ.

ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಮಾದರಿ ಪಾಲಿಸಿ ಬಳಕೆಗೆ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಗಲಭೆ, ನೀರಿನ ತೊಟ್ಟಿ ಒಡೆಯುವುದು ಮೊದಲಾದ ಆಪತ್ತುಗಳು ಅದರಲ್ಲಿ ಸೇರಿವೆ. ಭೂಮಿ ಕುಸಿತವೂ ಸೇರಿದೆ. ಆದರೆ ಇಲ್ಲಿ ಸ್ವಲ್ಪ ನಿಂತು ಓದಬೇಕು. ಕೆಡಹುವಿಕೆ, ನಿರ್ಮಾಣ, ಕಟ್ಟಡದ ಮಾರ್ಪಾಟು, ದುರಸ್ತಿ, ಅಡಿಪಾಯದ ಅಗೆತ, ಇವುಗಳಿಂದ ಉಂಟಾದ ಕುಸಿತಕ್ಕೆ ಪರಿಹಾರವಿಲ್ಲ. ಹೊಸ ಕಟ್ಟಡ ನೆಲಕ್ಕೆ ಕೂರುವಾಗ ಬರುವ ಸಾಮಾನ್ಯ ಬಿರುಕಿಗೂ, ಕೆಟ್ಟ ಸಾಮಗ್ರಿಯಿಂದಲೋ ತಪ್ಪು ವಿನ್ಯಾಸದಿಂದಲೋ ಆದ ಕುಸಿತಕ್ಕೂ ಇಲ್ಲ. ಎಂದರೆ, ಮಹಡಿಯ ಕಂಬಕ್ಕೆಂದು ಗುಂಡಿ ತೋಡಿದಾಗ ಪಕ್ಕದ ಹಳೆಯ ಗೋಡೆ ಕೂತರೆ, ಆ ನಷ್ಟವನ್ನು ಈ ಪಾಲಿಸಿಯಿಂದ ನಿರೀಕ್ಷಿಸುವಂತಿಲ್ಲ.

ಮಾರ್ಪಾಟಿನ ಕಾಲದಲ್ಲಿ ಮನೆಯ ಸ್ಥಿತಿಯೇ ಬೇರೆ. ಮಾಡು ತೆರೆದಿರುತ್ತದೆ, ಮೇಲೆ ಟಾರ್ಪಾಲು. ಬಾಗಿಲಿಗೆ ಚೌಕಟ್ಟಿದೆ, ಕದವಿಲ್ಲ. ಎಲ್ಲೆಂದರಲ್ಲಿ ತಾತ್ಕಾಲಿಕ ವಿದ್ಯುತ್ ತಂತಿ. ವಿಮೆ ಕೊಟ್ಟವರು ಒಪ್ಪಿದುದು ನಿಂತಿದ್ದ ಮನೆಯನ್ನು, ಬಿಚ್ಚಿದ ಮನೆಯನ್ನಲ್ಲ. ಆದುದರಿಂದ ಕಟ್ಟಡದಲ್ಲಿ ಸೇರ್ಪಡೆ, ಬದಲಾವಣೆ, ವಿಸ್ತರಣೆ ಮಾಡುವುದಾದರೆ ಅವರಿಗೆ ತಿಳಿಸುವುದು ನಿಮ್ಮ ಕರ್ತವ್ಯ. ಫೋನಿನಲ್ಲಿ ಹೇಳಿದರೆ ಸಾಲದು. ಕಾಗದ ಬರೆಯಿರಿ, ಉತ್ತರವನ್ನು ಕಾಗದದಲ್ಲೇ ಪಡೆಯಿರಿ. ಕೆಲಸ ಮುಗಿಯುವವರೆಗೆ ಬಾಡಿಗೆ ಮನೆಗೆ ಹೋಗುವುದಿದ್ದರೆ ಅದನ್ನೂ ಬರೆಯಿರಿ. 30 ದಿನಗಳಿಗೂ ಮೀರಿ ಕಟ್ಟಡದಲ್ಲಿ ಯಾರೂ ವಾಸವಿಲ್ಲದಿದ್ದರೆ ರಕ್ಷಣೆ ನಿಲ್ಲುವುದೆಂಬ ಷರತ್ತು ಬೆಂಕಿ ವಿಮೆಯ ಪತ್ರಗಳಲ್ಲಿ ಕಾಣುವುದುಂಟು. ಸಾಗಿಸಿದ ಪಾತ್ರೆ ಪದಾರ್ಥ, ಮಂಚ ಬೀರುಗಳಿಗೆ ಹೊಸ ವಿಳಾಸದಲ್ಲಿ ರಕ್ಷಣೆಯುಂಟೇ ಎಂದು ಕೇಳಿ. ಈ ಪಾಲಿಸಿಯಲ್ಲಿ ಕಳ್ಳತನಕ್ಕೆ ಪರಿಹಾರವಿರುವುದು, ಬೆಂಕಿ ನೆರೆಗಳಂಥ ಆಪತ್ತಿನಿಂದಲೇ ಅವಕಾಶವಾಗಿ, 7 ದಿನಗಳೊಳಗೆ ನಡೆದರೆ ಮಾತ್ರ. ಕದವಿಲ್ಲದ ಮನೆಯಿಂದ ನಲ್ಲಿ, ತಂತಿಗಳು ಹೋದರೆ ಅದು ಬೇರೆ ಲೆಕ್ಕ.

ಹಾಗಾದರೆ ಈ ನಡುಗಾಲಕ್ಕೆ ಯಾವ ರಕ್ಷಣೆಯೂ ಇಲ್ಲವೆ? ಇದೆ. ನಿರ್ಮಾಣದ ಕೆಲಸಕ್ಕೆಂದೇ ‘ಕಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್’ ಎಂಬ ಪಾಲಿಸಿಯುಂಟು. ನಡೆಯುತ್ತಿರುವ ಕೆಲಸಕ್ಕೂ, ನೆರೆಯವರಿಗೆ ಆಗಬಹುದಾದ ಹಾನಿಗೂ ಅದರಲ್ಲಿ ಅವಕಾಶವಿದೆ. ಮೊದಲೇ ಇರುವ ಹಳೆಯ ಭಾಗವನ್ನು ಮಾತ್ರ ಪ್ರತ್ಯೇಕವಾಗಿ ಕೇಳಿ ಸೇರಿಸಬೇಕು. ಕಂಟ್ರಾಕ್ಟರರು “ಎಲ್ಲ ಇದೆ ಸ್ವಾಮಿ” ಎಂದರೆ, ಪತ್ರ ತೋರಿಸಿ ಎಂದು ಕೇಳುವುದಕ್ಕೆ ಸಂಕೋಚಪಡಬೇಡಿ. ಅದರ ಅವಧಿ ಎಂದಿಗೆ ಮುಗಿಯುವುದೆಂದೂ ನೋಡಿ. ಕೆಲಸಗಳು ಹೇಳಿದ ದಿನಕ್ಕೆ ಮುಗಿಯುವುದಿಲ್ಲವೆಂಬುದು ನಿಮಗೆ ತಿಳಿಯದುದಲ್ಲ.

ಇನ್ನು ಸಾರವೆಯ ಮೇಲೆ ನಿಂತವನ ಮಾತು. ಗೃಹ ರಕ್ಷಾ ಪಾಲಿಸಿಯಲ್ಲಿ ಐಚ್ಛಿಕವಾಗಿ ಅಪಘಾತದ ರಕ್ಷಣೆಯೊಂದಿದೆ. ಮನೆಗೆ ಹಾನಿ ಮಾಡಿದ ಆಪತ್ತಿನಲ್ಲೇ ಮರಣ ಸಂಭವಿಸಿದರೆ 5 ಲಕ್ಷ ರೂಪಾಯಿ. ಆದರೆ ಅದು ಯಜಮಾನನಿಗೂ ಪತಿ ಇಲ್ಲವೆ ಪತ್ನಿಗೂ ಮಾತ್ರ. ಇಟ್ಟಿಗೆ ಹೊರುವಾಕೆಗೆ, ಬಣ್ಣ ಬಳಿಯುವವನಿಗೆ ಅದು ಸಲ್ಲದು. ದುಡಿಮೆಯಲ್ಲಿ ಗಾಯಗೊಂಡವನಿಗೆ ದುಡಿಸಿದವನು ಪರಿಹಾರ ಕೊಡಬೇಕೆಂಬ ನ್ಯಾಯವನ್ನು ನಮ್ಮ ದೇಶ 1923ರ ಶಾಸನದಲ್ಲೇ ಒಪ್ಪಿದೆ. ಆದರೂ ದಿನಗೂಲಿಯ ಮನುಷ್ಯ ಎರಡಾಳೆತ್ತರದಿಂದ ಬಿದ್ದಾಗ, ಮೇಸ್ತ್ರಿ ಯಜಮಾನನ ಮುಖ ನೋಡುತ್ತಾನೆ, ಯಜಮಾನ ಮೇಸ್ತ್ರಿಯ ಮುಖ ನೋಡುತ್ತಾನೆ. ಬಿದ್ದವನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಕೆಲಸಗಾರರಿಗಾಗಿ ಪ್ರತ್ಯೇಕ ವಿಮೆ ದೊರೆಯುತ್ತದೆ. ಅದನ್ನು ಮಾಡಿಸುವವರು ಯಾರೆಂಬುದನ್ನು ಕರಾರಿನಲ್ಲೇ ಬರೆಸಿ. ನೆಲದ ಅಮೃತಶಿಲೆಯಲ್ಲಿ ಒಂದಿಷ್ಟು ಕಡಿಮೆ ಮಾಡಿಯಾದರೂ ಇದಕ್ಕೆ ಹಣ ತೆಗೆದಿಡಿ.

ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಪತ್ರ ತೆಗೆಯಿರಿ. ವಿಮೆಯ ಮೊತ್ತ ನಿವೇಶನದ ಬೆಲೆಯಲ್ಲ. ಒಳಅಳತೆಯನ್ನು ಕಟ್ಟುವ ದರದಿಂದ ಗುಣಿಸಿ ಬಂದದ್ದು. 1000 ಚದರಡಿಗೆ, ಅಡಿಗೆ 2000 ರೂಪಾಯಿಯಂತೆ 20 ಲಕ್ಷವೆಂದು ಬರೆಸಿದ್ದಿರೆನ್ನಿ. ಮೇಲೆ 600 ಚದರಡಿ ಸೇರಿದರೆ, ಅದೇ ದರದಲ್ಲಿ 32 ಲಕ್ಷವಾಗಬೇಕು. ವರ್ಷಕ್ಕೆ ನೂರಕ್ಕೆ 10ರಂತೆ ಮೊತ್ತ ತಾನೇ ಏರುವ ಏರ್ಪಾಡು ಇದೆ, ನಿಜ. ಅದು ದರದ ಏರಿಕೆಗೆ ಒದಗುವುದೇ ಹೊರತು ನೀವು ಕಟ್ಟಿದ ಮಹಡಿಯನ್ನು ಅರಿಯದು.

ಯೋಗಕ್ಷೇಮ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಯುವುದು ಕ್ಷೇಮ. ಹೊಸ ಮಹಡಿಯ ಯೋಗಕ್ಕೆ ನೀವು ಲಕ್ಷಗಟ್ಟಲೆ ಕೂಡಿಟ್ಟಿದ್ದೀರಿ. ಕ್ಷೇಮಕ್ಕೆ ಬೇಕಾದದ್ದು ಒಂದು ಕಾಗದ, ಅದಕ್ಕೊಂದು ಉತ್ತರ, ಸ್ವಲ್ಪ ಹೆಚ್ಚಿನ ಪ್ರೀಮಿಯಂ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ. ಮೇಸ್ತ್ರಿಗೆ ಮುಂಗಡ ಕೊಡುವ ಮುನ್ನವೇ ಆ ಕಾಗದವನ್ನು ಬರೆದುಬಿಡಿ.